ಆರನೇ ಸಾಲಿನ ಹೆಂಗಸು

ಹೊನ್ನಾವರದ ಹಳೆಯ ಮೀನುಪೇಟೆಯ ಮಹಡಿಗೆ ಹದಿನೆಂಟು ಮೆಟ್ಟಿಲು. ರೂಪೇಶ ಆ ದಿನ ಅವನ್ನು ಎಣಿಸುತ್ತ ಹತ್ತಿದ. ಎಣಿಸದೆ ಹೋದರೆ ಇನ್ನೇನನ್ನೋ ನೆನೆಯಬೇಕಾಗುತ್ತಿತ್ತು. ಮೇ ತಿಂಗಳ ಬಿಸಿಲು ಎಂಥದ್ದೆಂದರೆ ಶರಾವತಿ ಸೇತುವೆಯ ಮೇಲೆ ನಿಂತ ಲಾರಿಗಳ ಟಯರು ಡಾಂಬರಿನ ಜೊತೆ ಸಂಬಂಧ ಬೆಳೆಸುತ್ತಿದ್ದವು, ಬಂಗಡೆ ಬುಟ್ಟಿಯಲ್ಲೇ ಅರ್ಧ ಬೆಂದು ಗಿರಾಕಿಗೆ ಸೌದೆ ಉಳಿಸುತ್ತಿತ್ತು. ಕುಮಟೆಯಿಂದ ಬರುವಾಗ ಬಸ್ಸಿನಲ್ಲಿ ಅವನೇ ಹೀಗೆಲ್ಲ ಹೇಳಿ, ಆಫೀಸಿಗೆ ಹೊಸದಾಗಿ ಸೇರಿದ್ದ ಧನ್ಯಶ್ರೀಯನ್ನು ನಗಿಸಿದ್ದ. ಅವಳು ನಕ್ಕಳು, ನಗುವಾಗಲೂ ಲ್ಯಾಪ್‌ಟಾಪಿನ ಚೀಲವನ್ನು ಎದೆಗೆ ಒತ್ತಿಕೊಂಡೇ ಇದ್ದಳು, ನಗು ಮುಗಿದ ಮೇಲೆ ಕೇಳಿದಳು, "ರೂಪೇಶಣ್ಣ, ಆ ಆರನೇ ಸಾಲು ನಿಜವಾಗ್ಲೂ ಖಾಲಿಯಾ?" ಅಲ್ಲಿಂದ ಹೊನ್ನಾವರದವರೆಗೆ ಉಳಿದ ಹತ್ತು ಕಿಲೋಮೀಟರು ಅವನ ಪಾಲಿಗೆ ಹಿಗ್ಗಿ ಹಿಗ್ಗಿ ಮುಂಬಯಿಯಷ್ಟಾಯಿತು. ತಾನು ಕೊಟ್ಟ ಉತ್ತರ ಅವನಿಗೆ ಈಗ ನೆನಪಿಲ್ಲ. ಮೀಸೆ ತಿರುವಿದ್ದು ಮಾತ್ರ ನೆನಪಿದೆ. ಭಟ್ಕಳದಿಂದ ಕುಮಟೆಯವರೆಗೆ ಮೂರು ತಾಲೂಕಿನಲ್ಲಿ ಅವನು ಸಾರಿಕೊಂಡು ಬಂದಿದ್ದನಲ್ಲ, ತಾನು ಮಾಡಿದ ಕೋಷ್ಟಕದಲ್ಲಿ ಒಂದೇ ಒಂದು ತೂತು ತೋರಿಸಿದವರ ಎದುರು ಅರ್ಧ ಮೀಸೆ ಬೋಳಿಸಿಕೊಂಡು ರಥಬೀದಿಯಲ್ಲಿ ನಡೆಯುತ್ತೇನೆ ಎಂದು. ಹನ್ನೊಂದು ವರ್ಷದಿಂದ ಮೀಸೆ ಪೂರ್ತಿಯಾಗಿಯೇ ಇತ್ತು.

ವಿಷಯ ಇಷ್ಟೇ. ಹೊಳೆಯ ಬದಿಗೆ ಹೊಸ ಮೀನುಪೇಟೆ ಎದ್ದಿತ್ತು: ತಲೆಯ ಮೇಲೆ ಸೂರು, ಕೈಯಳತೆಯಲ್ಲಿ ನಲ್ಲಿ, ಐಸಿಗೊಂದು ಪೆಟ್ಟಿಗೆ. ಜಾಗ ನಲವತ್ತು. ಹಳೆಯ ಪೇಟೆಯಲ್ಲಿ ಕೂರುವ ಹೆಂಗಸರು ನಲವತ್ತೊಂದು. ಒಬ್ಬಳು ಹೊರಗೆ ಹೆದ್ದಾರಿಯ ಬದಿಯ ಬಿಸಿಲಿಗೆ ಬೀಳಲೇಬೇಕು. ಆ ಒಬ್ಬಳ ಹೆಸರನ್ನು ಮನುಷ್ಯರು ಹೇಳಿದರೆ ಮೀನು ಕೊಯ್ಯುವ ಕತ್ತಿಗಳು ಮೇಲೇಳುತ್ತವೆಂದು ಹೆದರಿದ ಪೇಟೆ ಸಮಿತಿಯವರು ಅದನ್ನು ಸಾಫ್ಟ್‌ವೇರಿನ ಬಾಯಲ್ಲಿ ಹೇಳಿಸಲು ಹೊರಟಿದ್ದರು. ಕುಮಟೆಯ ಐದು ಜನರ ಕಂಪನಿಗೆ ಆ ಕೆಲಸ ಸಿಕ್ಕಿತ್ತು. ಆ ಐವರಲ್ಲಿ ನಾಲ್ವರ ತೂಕ ತನ್ನೊಬ್ಬನದೇ ಎಂದು ರೂಪೇಶ ನಂಬಿದ್ದ. ಕೋಡಿನ ಒಂದು ಅಕ್ಷರ ಬರೆಯುವ ಮೊದಲೇ ನಿಯಮಗಳನ್ನು ಹಾಳೆಯ ಮೇಲೆ ಹರಡಿ, ಎಲ್ಲಿ ಒಡೆಯುತ್ತವೆ ಎಂದು ಕುಟ್ಟಿ ನೋಡುವುದು ಅವನ ಕಸುಬು. ಪ್ರಶ್ನೆ ಮೂರು. ಮೀನು ಮಾರುವ ಕಾರ್ಡು ಇದೆಯೇ, ಸಮೀಕ್ಷೆಯ ಮೂವತ್ತು ದಿನಗಳಲ್ಲಿ ಇಪ್ಪತ್ತು ದಿನವಾದರೂ ಕೂತಿದ್ದಾಳೆಯೇ, ಅದೇ ಮನೆಯ ಇನ್ನೊಬ್ಬಳಿಗೆ ಆಗಲೇ ಜಾಗ ಸಿಕ್ಕಿದೆಯೇ. ಈ ಮೂರರ ಹೌದು-ಅಲ್ಲಗಳನ್ನು ತಿರುಗಿಸಿ ತಿರುಗಿಸಿ ಇಟ್ಟರೆ ಎಂಟು ಸಾಲು. ಪ್ರತಿ ಸಾಲಿನ ಕೊನೆಗೆ ಒಂದು ತೀರ್ಪು: ಜಾಗ ಇದೆ, ಇಲ್ಲ. ಅರ್ಹರು ಹೆಚ್ಚಾದರೆ ಮೊದಲು ಕಾರ್ಡು ಮಾಡಿಸಿದವಳು ಮೊದಲು. ಇಷ್ಟನ್ನು ಅವನು ಸಮಿತಿಯ ಮುಂದೆ ಮೊದಲ ದಿನ ಎಂಥ ಗತ್ತಿನಲ್ಲಿ ಹೇಳಿದನೆಂದರೆ, ಕಾರ್ಯದರ್ಶಿ ಕೃಷ್ಣಾನಂದರು ಚಹಾ ಕುಡಿಯುವುದನ್ನು ಮರೆತು ಲೋಟದಲ್ಲಿ ನೊಣ ಬೀಳಿಸಿಕೊಂಡಿದ್ದರು.

ನಲವತ್ತೊಂದನೆಯ ಕಾರ್ಡು ಅವನ ತಾಯಿ ದುರ್ಗಿಯದು. ಎಲ್ಲರಿಗಿಂತ ಕೊನೆಯದು.

ಅವಳು ಆಗಲೇ ಮಹಡಿಯ ಕೋಣೆಯಲ್ಲಿ ಕೂತಿದ್ದಳು, ಕೆಂಪು ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ, ಬೆನ್ನು ತಾಗಿಸದೆ. ಹೆಂಗಸರ ಪರವಾಗಿ ಒಬ್ಬಳು ಬರಲಿ ಎಂದಾಗ ಇಡೀ ಪೇಟೆ ಅವಳನ್ನೇ ದೂಡಿತ್ತು. ಅವಳ ಗಂಟಲಿಗೆ, ಹೊಳೆ ಕಡಲು ಸೇರುವ ಅಳಿವೆಯಾಚೆಯ ದೋಣಿಗಳೂ ತಿರುಗುತ್ತವೆ ಎಂದು ಪೇಟೆಯ ಮಾತು. ಮಗನನ್ನು ಕಂಡವಳೇ ಕೇಳಿದಳು, "ಎಂತದಾ, ಮುಖ ಐಸಲ್ಲಿಟ್ಟ ಮೀನಿನಂಗೆ ಆಗ್ಯದೆ. ಉಂಡ್ಯಾ ಇಲ್ವಾ?" ಕೃಷ್ಣಾನಂದರು ನಕ್ಕರು. ಧನ್ಯಶ್ರೀ ಪರದೆಗೆ ಬೆಳಕು ಬಿಡುವ ಯಂತ್ರದ ತಂತಿ ಜೋಡಿಸುತ್ತ ತಾನೂ ನಕ್ಕಳು. ರೂಪೇಶನಿಗೆ ಕಿವಿ ಬಿಸಿಯಾಯಿತು. ಇಸ್ತ್ರಿಯ ಅಂಗಿ ತೊಟ್ಟು, ಕೊರಳಿಗೆ ಗುರುತಿನ ಪಟ್ಟಿ ಹಾಕಿ, ಮೂರು ತಾಲೂಕಿನ ನಿಯಮಗಳನ್ನು ಕುಟ್ಟುವ ಮನುಷ್ಯನನ್ನು ಉಂಡ್ಯಾ ಎಂದು ಕೇಳುತ್ತಾರೆಯೇ. ಅವನು ಕಿಟಕಿಯ ಹತ್ತಿರ ಹೋಗಿ ನಿಂತ. ಹೋಗಬಾರದಿತ್ತು. ಕೆಳಗೆ ಪೇಟೆಯ ಅಂಗಳ, ಸಾಲಿಗೆ ಬುಟ್ಟಿಗಳು, ಬುಟ್ಟಿಗಳ ಹಿಂದೆ ಹೆಂಗಸರು, ಬೇವಿನ ಮರದ ನೆರಳು ಮುಗಿದು ಬಿಸಿಲು ಶುರುವಾಗುವ ಅಂಚಿನಲ್ಲಿ ಒಂದು ಬುಟ್ಟಿ ಕವುಚಿಕೊಂಡು ಬಿದ್ದಿತ್ತು. ಅದರ ಹಿಂದೆ ಯಾರೂ ಇರಲಿಲ್ಲ. ಬಿದಿರಿನ ಹೆಣಿಗೆ ಅರ್ಧ ಕಪ್ಪಗೆ, ಅರ್ಧ ಬೆಳ್ಳಗೆ. ಕಪ್ಪಗಿದ್ದದ್ದು ಒದ್ದೆ. ಬೆಳ್ಳಗಿದ್ದದ್ದು ಒಣಗಿದ್ದು.

ಸಣ್ಣಿಯ ಬುಟ್ಟಿ. ಸಮೀಕ್ಷೆಯ ಐದನೆಯ ದಿನ ಅವಳ ಗಂಡ ಶುಕ್ರ ಬಲೆ ಎಳೆಯುತ್ತಲೇ ದೋಣಿಯಲ್ಲಿ ಕುಸಿದಿದ್ದ. ಸೂತಕ ಬಂದ ಹೆಂಗಸು ಆ ಪೇಟೆಯಲ್ಲಿ ತಿಂಗಳು ಹತ್ತು ದಿನ ಕೂರುವುದಿಲ್ಲ. ಅವಳ ಜಾಗದಲ್ಲಿ ಬುಟ್ಟಿ ಕವುಚಿಡುತ್ತಾರೆ. ಪಕ್ಕದ ಹೆಂಗಸು ದಿನಕ್ಕೆರಡು ಸಲ, ಬಂದ ಕೂಡಲೇ ಒಮ್ಮೆ ಮತ್ತು ಬಿಸಿಲೇರಿದ ಮೇಲೆ ಇನ್ನೊಮ್ಮೆ, ಅದರ ಮೇಲೆ ನೀರು ಹೊಯ್ಯಬೇಕು. ಒದ್ದೆಯಿರುವಷ್ಟು ಕಾಲ ಆ ಜಾಗಕ್ಕೆ ಯಮನೂ ಕಾಲಿಡುವಂತಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಪೂರ್ತಿ ಒಣಗಿ ಕಂಡರೆ ಯಾರು ಬೇಕಾದರೂ ತಮ್ಮ ಬುಟ್ಟಿ ತಂದಿಡಬಹುದು. ಯಾವ ಕಾಗದದಲ್ಲೂ ಇದು ಇಲ್ಲ. ಕಾಗದದಲ್ಲಿ ಇಲ್ಲದ್ದನ್ನು ಹುಡುಕಿ ತೆಗೆಯಲಿಕ್ಕೇ ರೂಪೇಶನಿಗೆ ಸಂಬಳ ಕೊಡುತ್ತಿದ್ದದ್ದು. ಅವನು ಸಮೀಕ್ಷೆಯ ಉಳಿದ ಇಪ್ಪತ್ತಾರು ದಿನವೂ ಟ್ಯಾಬು ಹಿಡಿದು ಅದೇ ಬುಟ್ಟಿಯ ಎದುರು ನಿಂತಿದ್ದ. ಸಣ್ಣಿ: ಇಲ್ಲ. ಪಕ್ಕದಲ್ಲಿ ಅವನ ತಾಯಿ ಚೊಂಬು ಬಗ್ಗಿಸಿ ನೀರು ಹೊಯ್ಯುತ್ತಿದ್ದಳು, ನೀರಿನ ಹನಿ ಟ್ಯಾಬಿನ ಗಾಜಿಗೆ ಸಿಡಿಯುತ್ತಿತ್ತು, ಅವನು ಅಂಗಿಯ ತುದಿಯಿಂದ ಒರೆಸುತ್ತಿದ್ದ. ಸಣ್ಣಿ: ಇಲ್ಲ. "ಬರ್ಕೊಂಡ್ಯಾ?" ಎಂದು ದುರ್ಗಿ ಕೇಳುತ್ತಿದ್ದಳು. ಬರೆದುಕೊಂಡೆ ಎಂದು ಅವನು ಹೇಳುತ್ತಿದ್ದ. ಅದು ಸುಳ್ಳಲ್ಲ. ಅವಳ ಲೆಕ್ಕದಲ್ಲಿ ಸಣ್ಣಿ ಅಲ್ಲಿ ಕೂತೇ ಇದ್ದಳು. ಬುಟ್ಟಿ ಒದ್ದೆಯಿದೆಯಲ್ಲ, ಇನ್ನೇನು ಬೇಕು. ಮಗ ಅದನ್ನೇ ಬರೆಯುತ್ತಿದ್ದಾನೆಂದು ಅವಳು ತಿಳಿದಿದ್ದಳು.

ಎಲ್ಲ ಶುರುವಾದದ್ದು ಶಿರಾಲಿಯ ಚಹಾದಂಗಡಿಯಲ್ಲಿ. ಅಥವಾ ಅದಕ್ಕೂ ಮೊದಲೋ. ನಂಗೆಲ್ಲಿ ಸಿಗ್ತದೆ ಬಿಡು, ನನ್ನ ಕಾರ್ಡೇ ಕಡೇದು ಎಂದು ಅಮ್ಮ ಮೀನಿನ ಪೊರೆ ಹೆರೆಯುತ್ತ ಹೇಳಿದ್ದಳು, ಬೇಜಾರಿಲ್ಲದೆ, ಮಳೆ ಬರ್ತದೆ ಎಂದ ಹಾಗೆ. ಅವಳಿಗೆ ಇಲ್ಲದ ಬೇಜಾರನ್ನು ಅವನು ಹೊತ್ತುಕೊಂಡು ಹೋಗಿದ್ದ. ಮಾರನೆಯ ದಿನ ಶಿರಾಲಿಯಲ್ಲಿ ಸೋದರಮಾವನ ಮಕ್ಕಳೆಲ್ಲ ಸೇರಿದ್ದಾಗ ಅವನ ಬಾಯಿ ತಾನೇ ತೆರೆದುಕೊಂಡಿತು: ಹೊಸ ಪೇಟೆಯಲ್ಲಿ ನನ್ನ ಅಮ್ಮನಿಗೆ ನಲ್ಲಿಯ ಪಕ್ಕದ ಜಾಗ, ಫ್ಯಾನು ಬೇರೆ, ಅವಳ ಹೆಸರಿನ ಬೋರ್ಡು ಬೇರೆ, ಸಾಫ್ಟ್‌ವೇರು ನನ್ನ ಕೈಯಲ್ಲೇ ಉಂಟು ಮಾರಾಯ್ರೇ. ಯಾರೂ ಕೇಳಿರಲಿಲ್ಲ. ಒಬ್ಬ ಸಂಬಂಧಿ ಮಾತ್ರ ಬನ್ನು ಅಗಿಯುತ್ತ, ಹೌದಾ, ಅಷ್ಟು ದೊಡ್ಡವ ಆಗಿದ್ಯಾ ನೀನು, ಎಂದಿದ್ದ. ಆ ನಗು. ಮೇಲ್ತುಟಿ ಹಲ್ಲಿಗೆ ಅಂಟಿಕೊಂಡ ಹಾಗಿದ್ದ ನಗು. ಆ ನಗುವಿಗೆ ಉತ್ತರ ಕೊಡಲಿಕ್ಕಾಗಿಯೇ ಕಳೆದ ಗುರುವಾರ ಕುಮಟೆಯ ಆಫೀಸಿನಲ್ಲಿ ಧನ್ಯಶ್ರೀ ಎಂಟು ಸಾಲಿನ ಎದುರು ಪೆನ್ಸಿಲು ಹಿಡಿದು, ಪ್ರತಿ ಸಾಲಿಗೂ ಒಬ್ಬ ನಿಜವಾದ ಹೆಂಗಸು ಬೇಕು, ಇಲ್ದಿದ್ರೆ ಪರೀಕ್ಷೆ ಮಾಡಿದ ಹಾಗಾಗ್ಲಿಲ್ಲ, ಆರನೇ ಸಾಲಿಗೆ ಯಾರು, ಕಾರ್ಡು ಇದೆ, ಕೂತಿಲ್ಲ, ಮನೆಯಲ್ಲಿ ಇನ್ನೊಬ್ಬರಿಲ್ಲ, ಅಂಥವಳಿದ್ರೆ ತೀರ್ಪು ಏನಂತ ಸಮಿತಿಯನ್ನು ಕೇಳ್ಬೇಕು, ಎಂದಾಗ ಅವನು ಹೇಳಿದ್ದ, "ಅಂಥ ಹೆಂಗಸು ಹುಟ್ಟಿಯೇ ಇಲ್ಲ. ಕಾರ್ಡು ಇಟ್ಕೊಂಡು ಕೂರದೆ ಇದ್ರೆ ಗಾಳಿ ತಿಂತಾಳಾ? ಆಗದ ಸಾಲು ಅದು. ಹೊಡ್ದು ಹಾಕು." ಧನ್ಯಶ್ರೀ ಎರಡು ಕ್ಷಣ ಅವನ ಮುಖ ನೋಡಿದಳು. ಕತಗಾಲದ ಮನೆಯಿಂದ ಅವಳ ತಾಯಿಯ ಫೋನು ಬಂತು, "ಬತ್ತೆ ಆಯಿ, ಇನ್ನೂ ಕೆಲಸ ಇದ್ದು" ಎಂದಳು, ಫೋನು ಇಟ್ಟು ಆ ಸಾಲಿನ ಮೇಲೆ ಗೆರೆ ಎಳೆದಳು. ಗೆರೆ ಎಳೆದ ಸಾಲಿಗೆ ಬಿದ್ದವರನ್ನು ಸಾಫ್ಟ್‌ವೇರು ಇಲ್ಲವೆಂದೇ ತಿಳಿದು ಪಕ್ಕಕ್ಕಿಡುತ್ತದೆ. ಯಾರೂ ಕೇಳುವುದಿಲ್ಲ. ನಲವತ್ತೊಂದರಲ್ಲಿ ಒಬ್ಬಳು ಪಕ್ಕಕ್ಕೆ ಸರಿದರೆ ಉಳಿದವರು ಮೇಲೇರುತ್ತಾರೆ, ಕೊನೆಯವಳು ಸೂರಿನೊಳಗೆ ಬರುತ್ತಾಳೆ. ಹೆಸರುಗಳ ಪಟ್ಟಿ ರೂಪೇಶನ ಟ್ಯಾಬಿನಲ್ಲೇ ಇತ್ತು. ಧನ್ಯಶ್ರೀಗೆ ಅವನು ಕೊಟ್ಟದ್ದು ಹೆಸರಿಲ್ಲದ ಏಳು ಮಾದರಿಗಳು.

ಪರೀಕ್ಷೆ ಶುರುವಾಯಿತು. ಧನ್ಯಶ್ರೀ ಒಂದೊಂದೇ ಸಾಲು ಓದುವುದು, ಕೃಷ್ಣಾನಂದರು ಮೊದಲು ತಮ್ಮ ಬಾಯಲ್ಲಿ ತೀರ್ಪು ಹೇಳುವುದು, ಆಮೇಲೆ ಪರದೆಯ ಮೇಲೆ ಕೋಷ್ಟಕದ ತೀರ್ಪು ತೆರೆಯುವುದು. ಎರಡೂ ಕೂಡಿದರೆ ಹಸಿರು. ಒಂದು, ಎರಡು, ಮೂರು, ಹಸಿರು, ಹಸಿರು, ಹಸಿರು. ಕೃಷ್ಣಾನಂದರಿಗೆ ತಾವು ಪಾಸಾಗುತ್ತಿದ್ದೇವೆಂಬ ಖುಷಿ. ಪ್ರತಿ ಹಸಿರಿಗೂ ಹೊಟ್ಟೆಯ ಮೇಲೊಂದು ಪೆಟ್ಟು ಹಾಕಿಕೊಳ್ಳುತ್ತಿದ್ದರು. "ಇದು ಹೈಕೋರ್ಟಿಗಿಂತ ಫಾಸ್ಟು," ಎಂದರು. ಬೇರೆ ದಿನವಾಗಿದ್ದರೆ ರೂಪೇಶ ಆ ಮಾತನ್ನು ಅಲ್ಲಿಂದ ಎತ್ತಿ ಸುಪ್ರೀಂ ಕೋರ್ಟಿನವರೆಗೆ ಒಯ್ಯುತ್ತಿದ್ದ. ಈಗ ಅವನ ಕಣ್ಣು ಕಿಟಕಿಗೇ ಹೋಗುತ್ತಿತ್ತು. ಬೇವಿನ ನೆರಳು ಒಂದು ಗೇಣು ಹಿಂದೆ ಸರಿದಿತ್ತು. ಬುಟ್ಟಿಯಲ್ಲಿ ಕಪ್ಪು ಉಳಿದದ್ದು ಅಂಗೈಯಗಲ. ಅಮ್ಮ ಒಂಬತ್ತೂವರೆಯಿಂದ ಇಲ್ಲಿ ಕೂತಿದ್ದಾಳೆ. ಬಿಸಿಲೇರಿದ ಮೇಲಿನ ನೀರು ಬಿದ್ದಿಲ್ಲ. ಹನ್ನೊಂದೂ ಇಪ್ಪತ್ತು. ಅದು ತಾನೇ ಒಣಗಿದರೆ, ಎಂದು ಒಂದು ಯೋಚನೆ ಅವನ ಕೊರಳಿನ ಹಿಂದಿನಿಂದ ಬೆವರಿನ ಹಾಗೆ ಇಳಿಯಿತು. ಒಣಗಿದರೆ ಸಣ್ಣಿಯ ಜಾಗ ಪೇಟೆಯ ಕಾಯಿದೆಯಲ್ಲೇ ಹೋಯಿತು. ಆಗ ಹೊಡೆದು ಹಾಕಿದ ಸಾಲು ಹೊಡೆದು ಹಾಕಬೇಕಾದ ಸಾಲೇ ಆಗುತ್ತದೆ. ಅವನು ಏನೂ ಮಾಡಿದಂತಾಗುವುದಿಲ್ಲ. ಬಿಸಿಲು ಮಾಡಿತು.

"ಆರನೇದು ಹೊಡೆದು ಹಾಕಿದ್ದು," ಎಂದಳು ಧನ್ಯಶ್ರೀ. ಮುಂದೆ ಹೋಗಲಿಲ್ಲ. "ಸರ್, ಸಹಿ ಹಾಕುವ ಮುಂಚೆ ಇದನ್ನೊಂದು ಕೇಳಿಬಿಡ್ತೇನೆ. ಕಾರ್ಡಿದ್ದೂ ಇಪ್ಪತ್ತು ದಿನ ಕೂರದ ಹೆಂಗಸು ಈ ಪೇಟೆಯಲ್ಲಿ ಯಾರಾದ್ರೂ ಇದ್ದಾರಾ?"

ಕೃಷ್ಣಾನಂದರು ದುರ್ಗಿಯ ಕಡೆ ತಿರುಗಿದರು. ದುರ್ಗಿ ಬೆರಳು ಮಡಚಿ ಒಂದೊಂದೇ ಹೆಂಗಸನ್ನು ಮನಸ್ಸಿನಲ್ಲಿ ಎಬ್ಬಿಸಿ ಕೂರಿಸಿದಳು. ರೂಪೇಶನ ಉಸಿರು ನಿಂತದ್ದು ಎಷ್ಟು ಹೊತ್ತೆಂದರೆ ಅಷ್ಟರಲ್ಲಿ ಒಂದು ದೋಣಿ ಅಳಿವೆ ದಾಟಿ ಹೋಗಿ ಬಲೆ ಬೀಸಿ ಬರಬಹುದಿತ್ತು. "ಇಲ್ಲ," ಎಂದಳು ಅವಳು. "ಎಲ್ರೂ ಕೂತವ್ರೆ. ಕೂರದೆ ಎಂತ ಮಾಡ್ತ್ರು?"

"ಕೇಳಿದ್ಯಲ್ಲ," ಎಂದ ರೂಪೇಶ.

"ಚಾ ಬರ್ಲಿ," ಎಂದರು ಕೃಷ್ಣಾನಂದರು. "ಆಮೇಲೆ ಉಳಿದೆರಡು ನೋಡಿ ಸಹಿ ಹಾಕುವ."

ಅವನು ಕೆಳಗಿಳಿದ, ಈ ಸಲ ಎಣಿಸಲಿಲ್ಲ. ಕಾಲು ಅವನನ್ನು ಬೇವಿನ ಮರದ ಬುಡಕ್ಕೆ ತಂದು ನಿಲ್ಲಿಸಿತು. ಮೇಲಿನಿಂದ ಅಂಗೈಯಗಲ ಕಂಡ ಒದ್ದೆ ಹತ್ತಿರದಿಂದ ಎರಡು ಬೆರಳಗಲ. ಬುಟ್ಟಿಯ ಅಂಚಿನ ಸಂದಿಯಲ್ಲಿ, ಹೆಣಿಗೆ ದಟ್ಟವಾಗಿರುವಲ್ಲಿ, ಉಸಿರು ಹಿಡಿದು ಕೂತ ಹಾಗೆ. ಪಕ್ಕದಲ್ಲಿ ಅಮ್ಮನ ಬುಟ್ಟಿ, ಅದರ ಮೇಲೆ ಒದ್ದೆ ಗೋಣಿ, ಗೋಣಿಯ ಮೇಲೆ ಅವಳ ಚೊಂಬು, ಚೊಂಬಿನ ತುಂಬ ನೀರು. ಇತ್ತ ಜಟ್ಟಿ ಕೂತಿದ್ದಳು, ಪೇಟೆಯಲ್ಲೇ ಹಿರಿಯಳು, ಇಡೀ ಕರಾವಳಿಯ ಸುದ್ದಿಗೆ ಅವಳ ಬಾಯಿಯೇ ಪೋಸ್ಟಾಫೀಸು. ಸಣ್ಣಿಯ ಜಾಗಕ್ಕೆ ನೀರು ಹೊಯ್ಯುವ ಪಾಳಿ ಅವಳದಲ್ಲವಾದ್ದರಿಂದ ಅವಳು ಅತ್ತ ನೋಡುತ್ತಲೂ ಇರಲಿಲ್ಲ. "ಸಾಹೇಬಾ," ಎಂದಳು, "ಮೇಲೆ ನಮ್ಮ ಹಣೆಬರಹ ಬರ್ದು ಮುಗೀತಾ? ನನ್ನ ನಲ್ಲಿ ಬದಿಗೆ ಹಾಕು. ನಿನ್ನವ್ವಿ ಬದಿಗೆ ಹಾಕ್ಬೇಡ, ಅವ್ಳ ಬಾಯಿಗೆ ನನ್ನ ಗಿರಾಕಿ ಓಡ್ತ್ರು." ಸುತ್ತಲಿನವರು ನಕ್ಕರು. ಅವನು ನಗಲಿಲ್ಲ. ಎರಡು ಬೆರಳು ಒಂದೂವರೆ ಆಯಿತು. ಅವನಿಗೆ ಕಾಣುತ್ತಿತ್ತು, ನಿಜವಾಗಿಯೂ ಕಾಣುತ್ತಿತ್ತು, ಒದ್ದೆ ಬಿದಿರಿನೊಳಗೆ ಹಿಂದಕ್ಕೆ ಸರಿಯುವುದು. ಆ ಚೊಂಬು ಕೈಗೆಟುಕುವಷ್ಟು ಹತ್ತಿರವಿತ್ತು. ಮೂರು ತಾಲೂಕಿನಲ್ಲಿ ಅಷ್ಟು ದೂರದ ವಸ್ತು ಬೇರೆ ಇರಲಿಲ್ಲ. ಹನ್ನೊಂದೂ ನಲವತ್ತು. ಇಪ್ಪತ್ತು ನಿಮಿಷ ಸುಮ್ಮನೆ ನಿಂತರೆ ಸಾಕು. ಸುಮ್ಮನೆ ನಿಲ್ಲುವುದು ತಪ್ಪು ಎಂದು ಯಾವ ಕೋಷ್ಟಕದಲ್ಲೂ ಇಲ್ಲ. ಸಣ್ಣಿ ಈಗ ಮನೆಯ ಹಿಂಬದಿಯ ಜಗಲಿಯಲ್ಲಿ ಗೋಡೆಗೊರಗಿ ಕೂತಿರುತ್ತಾಳೆ, ನಾಡಿದ್ದು ಬುಟ್ಟಿ ಎತ್ತುವ ದಿನ ಎಂದು ಎಣಿಸುತ್ತ. ಎಣಿಸಲಿ. ಅವಳು ಯಾರು ಅವನಿಗೆ?

"ರೂಪೇಶಾ," ಎಂದು ಮಹಡಿಯ ಕಿಟಕಿಯಿಂದ ಬಂತು ಆ ಗಂಟಲು, ಕಾಗೆಗಳೆಲ್ಲ ಹಾರಿದವು, "ಅಲ್ಲೇ ನಿಂತ್ಯಲ್ಲ, ಸಣ್ಣಿ ಬುಟ್ಟಿಗೆ ಒಂದು ಚೊಂಬು ನೀರು ಹೊಯ್ಯಾ. ಒಣಗ್ತಾ ಬಂತು, ನಂಗೆ ಇಲ್ಲಿಂದ ಏಳೂಕೆ ಬಿಡೂದಿಲ್ಲ."

ಪೇಟೆಯ ಅಷ್ಟೂ ತಲೆಗಳು ಅವನತ್ತ ತಿರುಗಿದವು. ಅವನು ಚೊಂಬೆತ್ತಿ ಬಗ್ಗಿಸಿದ. ಒಂದೇ ಸಲಕ್ಕೆ ಸುರಿದ ನೀರು ಬುಟ್ಟಿಯ ಬೆನ್ನಿನಿಂದ ಜಾರಿ ಅವನ ಬೂಟಿನೊಳಕ್ಕೆ ಹೋಯಿತು, ಅಂಗಿಯ ತೋಳು ಮೊಣಕೈಯವರೆಗೆ ನೆನೆಯಿತು, ಬುಟ್ಟಿ ಒಂದು ಮಗ್ಗುಲು ಮಾತ್ರ ಕಪ್ಪಾಯಿತು. ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಜಟ್ಟಿ ನಗದೆ ಅವನನ್ನೇ ನೋಡಿದಳು. "ಆತು," ಎಂದಳು. "ಇವತ್ತಿನ ಸಾಕ್ಷಿ ನೀನೇ ಹಂಗಾರೆ. ಯಾರಾರು ಕೇಳಿದ್ರೆ ಸಣ್ಣಿ ಇದ್ದಳು ಅಂತ ಹೇಳೂದು ನಿನ್ನ ಮೇಲೆ. ನೀರು ಹೊಯ್ದವ್ರೇ ಹೇಳ್ಬೇಕು, ಬೇರೆಯವ್ರು ಹೇಳಿದ್ರೆ ನಡೂದಿಲ್ಲ."

ಮೆಟ್ಟಿಲ ಮೇಲೆ ಬೂಟು ಪಚಪಚ ಎಂದಿತು. ಹದಿನೆಂಟು ಸಲ. ಕೋಣೆಯಲ್ಲಿ ಚಹಾ ಮುಗಿದಿತ್ತು, ಏಳೂ ಎಂಟೂ ಹಸಿರಾಗಿದ್ದವು, ಕೃಷ್ಣಾನಂದರು ಪೆನ್ನಿನ ಟೊಪ್ಪಿ ತೆಗೆದಿದ್ದರು. ಪರದೆಯ ಮೇಲೆ ಏಳು ಸಾಲು ಬೆಳಗುತ್ತಿದ್ದವು, ನಡುವೆ ಒಂದು ಬೂದಿ ಬಣ್ಣದ್ದು. ಧನ್ಯಶ್ರೀ ಅವನ ಒದ್ದೆ ತೋಳನ್ನು ನೋಡಿದಳು, ಆಮೇಲೆ ಬೂದಿ ಸಾಲನ್ನು, ಆಮೇಲೆ ಅವನ ಮುಖವನ್ನು. ಅವಳಿಗೆ ಬುಟ್ಟಿಯ ವಿಷಯ ಒಂದೂ ಗೊತ್ತಿರಲಿಲ್ಲ. ಆದರೂ ಅವಳು ಅವನನ್ನು ಕೇಳಿದಳು, ಮೆಲ್ಲಗೆ, ಮೂರನೆಯ ಸಲ. "ಮುಚ್ಚಿಬಿಡ್ಲಾ, ರೂಪೇಶಣ್ಣ?"

ಅವನ ಬಾಯಲ್ಲಿ ಹತ್ತು ಉತ್ತರ ತಯಾರಿದ್ದವು, ಹತ್ತೂ ಬಣ್ಣಬಣ್ಣದವು. ಇದನ್ನು ಮುಂದಿನ ಆವೃತ್ತಿಗೆ ಇಡುವ ಎನ್ನಬಹುದು. ಧನ್ಯಶ್ರೀಯೇ ಸರಿಯಾಗಿ ನೋಡಲಿಲ್ಲ ಎನ್ನಬಹುದು. ಅವಳು ಹೊಸಬಳು, ನಂಬುತ್ತಾರೆ. ತೋಳಿನಿಂದ ಒಂದು ಹನಿ ಸಿಮೆಂಟಿನ ನೆಲಕ್ಕೆ ಬಿತ್ತು. ಆ ಸದ್ದು ಕೋಣೆಗೆಲ್ಲ ಕೇಳಿಸಿತೆಂದು ಅವನಿಗೆ ಅನ್ನಿಸಿತು.

"ಇದ್ದಾಳೆ," ಎಂದ. "ಆರನೇ ಸಾಲಿನಲ್ಲಿ ಒಬ್ಬಳಿದ್ದಾಳೆ. ಸಣ್ಣಿ."

"ಸಣ್ಣಿ ಎಂತಕ್ಕೆ?" ಎಂದಳು ದುರ್ಗಿ. "ಅವ್ಳು ಕೂತಿದ್ಲಲ್ಲ. ದಿನಾ ನೀರು ಹೊಯ್ದಿದ್ದೆ, ನೀ ಕಂಡಿದ್ದೆ."

ಆಮೇಲಿನದ್ದೆಲ್ಲ ಬೇಗ ಆಯಿತು. ಬುಟ್ಟಿ, ನೀರು, ಸೂತಕ, ಅವನು ಹೇಳಿದ, ತನ್ನ ತಾಯಿಯ ಕಡೆ ನೋಡದೆ. ಧನ್ಯಶ್ರೀ ಅದನ್ನು ನಾಲ್ಕನೆಯ ಪ್ರಶ್ನೆಯಾಗಿ ಬರೆದಳು: ಕೂರದ ದಿನಗಳಲ್ಲಿ ಬುಟ್ಟಿ ಒದ್ದೆಯಿತ್ತೇ, ನೀರು ಹೊಯ್ದ ಸಾಕ್ಷಿ ಯಾರು? ಕೃಷ್ಣಾನಂದರು ತೀರ್ಪು ಹೇಳಿದರು: ಹಾಗಾದ್ರೆ ಕೂತ ಹಾಗೇ, ಜಾಗ ಕೊಡ್ಬೇಕಾಗ್ತದೆ. ಆರನೇ ಸಾಲು ಹಸಿರಾಯಿತು. ಪೂರ್ತಿ ಪಟ್ಟಿಯನ್ನೇ ಒಮ್ಮೆ ಓಡಿಸಿ ನೋಡುವ ಎಂದರು, ಅವರಿಗೆ ಈಗ ಆಟ ರುಚಿಸಿತ್ತು. ರೂಪೇಶ ಟ್ಯಾಬು ಕೊಟ್ಟ. ನಲವತ್ತೊಂದು ಹೆಸರು ಪರದೆಯ ಮೇಲೆ ಮೇಲಿನಿಂದ ಕೆಳಗೆ ಇಳಿದವು. ಹದಿನಾರನೆಯದು ಸಣ್ಣಿ. ನಲವತ್ತರ ಕೆಳಗೊಂದು ಕೆಂಪು ಗೆರೆ. ಗೆರೆಯ ಕೆಳಗೆ ದುರ್ಗಿ, ಒಂಟಿಯಾಗಿ.

ಅವಳಿಗೆ ಓದು ಬಾರದು. ಗೆರೆ ಕಂಡಿತು, ಗೆರೆಯ ಕೆಳಗೆ ಒಂದೇ ಹೆಸರು ಕಂಡಿತು. ನಂಗೆ ಗೊತ್ತಿತ್ತು ಎನ್ನುವ ಹಾಗೆ ತಲೆಯಾಡಿಸಿದಳು. ಆಮೇಲೆ ಅವಳ ತಲೆ ನಿಂತಿತು. "ಈ ಆರನೇ ಸಾಲು ಅಂತದ್ದು ಮೊದ್ಲು ಇರ್ಲಿಲ್ವಾ?" ಎಂದು ಧನ್ಯಶ್ರೀಯನ್ನು ಕೇಳಿದಳು. ಧನ್ಯಶ್ರೀ ಕೀಲಿಮಣೆಯ ಮೇಲೆ ಇಲ್ಲದ ಧೂಳು ಒರೆಸಿದಳು.

"ಇತ್ತು," ಎಂದ ರೂಪೇಶ. "ನಾನು ತೆಗೆಸಿದ್ದೆ."

ಅವನ ಜನ್ಮದಲ್ಲೇ ಹಿಂದೆ ಮುಂದೆ ಏನೂ ಅಂಟಿಸದೆ ಆಡಿದ ಮೊದಲ ಮಾತು ಅದು. ದುರ್ಗಿ ಅವನನ್ನು ನೋಡಿದಳು, ಮಾರುವ ಮೊದಲು ಮೀನಿನ ಕಿವಿರು ಎತ್ತಿ ನೋಡುತ್ತಾಳಲ್ಲ, ಹಾಗೆ. ನಂಗೋಸ್ಕರ ಮಾಡ್ದ್ಯಾ ಎಂದು ಕೇಳಿದ್ದರೆ ಹೌದು ಎನ್ನಬಹುದಿತ್ತು, ಅದು ಅರ್ಧ ಸುಳ್ಳಾದರೂ. ಕೇಳಲಿಲ್ಲ. ಸೆರಗು ಸಿಕ್ಕಿಸಿಕೊಂಡು ಎದ್ದಳು, ಕೃಷ್ಣಾನಂದರಿಗೆ ಬತ್ತೆ ಎಂದಳು, ಮೆಟ್ಟಿಲಿಳಿದು ಹೋದಳು. ಅವನು ಹಿಂದೆಯೇ ಇಳಿದ.

ಅಂಗಳದಲ್ಲಿ ಅವಳು ತನ್ನ ಜಾಗದಲ್ಲಿ ಕೂತು ಗೋಣಿ ಸರಿಸಿ ಮೀನಿಗೆ ನೀರು ಚಿಮುಕಿಸಿದಳು. ಅವನು ಎದುರು ನಿಂತ, ಗಿರಾಕಿಯ ಹಾಗೆ. ಅವಳು ಸಣ್ಣಿಯ ಬುಟ್ಟಿಯ ಒಣಗಿದ ಮಗ್ಗುಲನ್ನು ನೋಡಿದಳು. ಬಕೆಟ್ಟಿನಲ್ಲಿ ಅದ್ದಿ ಚೊಂಬು ತುಂಬಿಸಿ ಅವನತ್ತ ಚಾಚಿದಳು.

"ಸಣ್ಣಿ ನಾಡಿದ್ದು ಎತ್ತೂದು. ಅಲ್ಲಿವರೆಗೆ ನೀನೇ ಹೊಯ್ಯಿ. ದಿನಾ ಎರಡು ಸಲ. ಇಪ್ಪತ್ತಾರು ದಿನ ಕಂಡದ್ದು ಬರೆಯೂಕೆ ಆಗ್ಲಿಲ್ಲ ಅಲ್ದಾ, ಹೊಯ್ಯೂಕಾದ್ರೂ ಆಗ್ತದೋ ಕಾಂಬ."

"ಹೊಯ್ದಾಗಿತ್ತಲ್ಲ," ಎಂದ ಅವನು.

"ಅದನ್ನ ಹೊಯ್ದದ್ದು ಅಂತ್ರಾ?" ಎಂದಳು ಜಟ್ಟಿ. "ಅರ್ಧ ಬುಟ್ಟಿ ಒದ್ದೆ, ಇನ್ನರ್ಧ ನಿನ್ನ ಬೂಟು."

ಅವನು ಚೊಂಬು ತೆಗೆದುಕೊಂಡ, ಗುರುತಿನ ಪಟ್ಟಿಯನ್ನು ಅಂಗಿಯೊಳಗೆ ತುರುಕಿಕೊಂಡ, ಕುಕ್ಕುರುಗಾಲಿನಲ್ಲಿ ಕೂತ. ಹನ್ನೆರಡಕ್ಕೆ ಇನ್ನೂ ಐದು ನಿಮಿಷವಿತ್ತು. ಬಿದಿರಿನ ಒಣ ಮಗ್ಗುಲು ಕೈಗೆ ಬಿಸಿಯಾಗಿ ತಾಗಿತು, ಜ್ವರ ಬಂದವರ ಬೆನ್ನಿನ ಹಾಗೆ. ಮೂವತ್ತೊಂಬತ್ತು ಹೆಂಗಸರು ನೋಡುತ್ತಿದ್ದರು. ಚೊಂಬು ಬಗ್ಗಿಸಲು ಹೋದವನು ನಿಂತ. ಎಲ್ಲಿಂದ ಶುರು ಮಾಡಬೇಕು, ಒಂದೇ ಸಲಕ್ಕೋ ಹನಿ ಹನಿಯಾಗಿಯೋ, ಅವನಿಗೆ ತಿಳಿದಿರಲಿಲ್ಲ. ತಿಳಿದಿಲ್ಲ ಎನ್ನುವುದು ನಾಲಿಗೆಯ ಮೇಲೆ ಉಪ್ಪಿನ ಹರಳಿನ ಹಾಗೆ ಕೂತಿತು.

"ಎಷ್ಟು ಹೊಯ್ಯೂದು, ಅಮ್ಮ?" ಎಂದು ಕೇಳಿದ.

ದುರ್ಗಿ ಮುಖ ಎತ್ತಲಿಲ್ಲ. ಕತ್ತಿಗೆ ಮೀನು ಕೊಟ್ಟು ಒಂದೇ ಎಳೆತಕ್ಕೆ ತಲೆ ಬೇರೆ ಮಾಡಿದಳು.

"ಒಣಗಿದ್ದು ಎಲ್ಲೂ ಕಾಣ್ಬಾರ್ದು ಅಲ್ದಾ," ಎಂದಳು, "ಅಷ್ಟು."